ಮಿಜುಹೊಳ ಹದಿನೆಂಟನೇ ಕೆಟಲ್

"ಕಿವಿ ಸುಟ್ಟುಕೊಳ್ತೀರಿ. ಆಚೆ ಸರೀರಿ."

ಮಿಜುಹೊಳ ದನಿ ಗಡುಸಾಗಿತ್ತು. ಮೊರಿಯೊಕಾ ಊರಿನ ಅವಳ ಮನೆತನದ ಎರಕದ ಮನೆಯಲ್ಲಿ ಕುದಿಯುತ್ತಿದ್ದ ಕಬ್ಬಿಣದ ಕೆಟಲ್‌ಗಳ ಮುಂದೆ ಅಪರಿಚಿತನೊಬ್ಬ ಕಿವಿಯೊಡ್ಡಿ ಕುಳಿತಿದ್ದ. ಅವನ ಕೋಟಿನ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ.

"ಇದು ಯಾರು ಮಾಡಿದ್ದು?"

"ಅಪ್ಪ."

"ಪಕ್ಕದ್ದು?"

"ನಾನು. ಯಾಕೆ?"

"ನಿಮ್ಮದಕ್ಕೆ ಒಳ್ಳೇ ದನಿಯಿದೆ. ಆದ್ರೆ ಅಪ್ಪನ ಮುಖ ನೋಡ್ಕೊಂಡು ಹಾಡ್ತಿದೆ."

ಮಿಜುಹೊಳ ಕೆನ್ನೆ ಬಿಸಿಯಾಯಿತು. 'ಎಷ್ಟು ಕೊಬ್ಬು ಈ ಮನುಷ್ಯನಿಗೆ…' ಹತ್ತು ವರ್ಷ ಕುಲುಮೆಯ ಮುಂದೆ ಬೆಂದವಳಿಗೆ ಯಾರೂ ಹಾಗೆ ಅಂದಿರಲಿಲ್ಲ. ಆದರೆ ಮಾತು ನಿಜವಾಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ.

ಅವನ ಹೆಸರು ರೆಂಜಿ. ಯೊಕೊಹಾಮಾದವನು, ಶಬ್ದಗಳಿಂದ ಕಲಾಕೃತಿ ಮಾಡುವವನು. ಸೆಂದಾಯ್‌ನ ಗ್ಯಾಲರಿಯೊಂದರಲ್ಲಿ ಹದಿನೆಂಟು ಕೆಟಲ್‌ಗಳು ಒಟ್ಟಿಗೆ ಕುದಿಯಬೇಕು, ಜನ ಕಣ್ಮುಚ್ಚಿ ಕೇಳಬೇಕು ಎಂಬುದು ಅವನ ಆಸೆ.

ಅಪ್ಪ ಗೆಂಜೊ ಅರದಿಂದ ಕಣ್ಣೆತ್ತಲಿಲ್ಲ. "ಕೆಟಲ್ ಇರೋದು ಚಹಾಕ್ಕೆ. ನಾಟಕಕ್ಕಲ್ಲ."

"ನಾನು ಮಾಡಿಕೊಡ್ತೀನಿ," ಎಂದಳು ಮಿಜುಹೊ.

ಗಂಡಸರಿಬ್ಬರೂ ಅವಳನ್ನೇ ನೋಡಿದರು.

ಹದಿನೇಳನ್ನು ಅವಳು ಅಪ್ಪನ ಅಚ್ಚಿನಲ್ಲೇ ಎರೆದಳು. ಹದಿನೆಂಟನೆಯದಕ್ಕೆ ತಾನೇ ಅಚ್ಚು ಕಟ್ಟಿದಳು. ಅಗಲ ತಳ, ಗಿಡ್ಡ ಕತ್ತು.

"ಇದೇನು ಕೆಟಲ್ಲೋ, ಯಾರೋ ಮೇಲೆ ಕೂತ ಕುಂಬಳಕಾಯೋ?" ಎಂದರು ಗೆಂಜೊ. ತಮ್ಮ ಮನೆಯ ಮುದ್ರೆಯನ್ನು ಅದಕ್ಕೆ ಒತ್ತಲಿಲ್ಲ.

ಪ್ರತಿ ಶನಿವಾರ ರೆಂಜಿ ರೈಲಿನಲ್ಲಿ ಬರುತ್ತಿದ್ದ. ಕೆಟಲ್ ಹಾಡುವುದು ಒಳತಳಕ್ಕೆ ಅಂಟಿಸುವ ಕಬ್ಬಿಣದ ತೆಳು ಚೂರುಗಳಿಂದ. ಅವಳು ಅಂಟಿಸುತ್ತಿದ್ದಳು, ನೀರು ಕಾಯಿಸುತ್ತಿದ್ದಳು, ಅವನು ಕೇಳುತ್ತಿದ್ದ. ಸರಿಬರದಿದ್ದರೆ ಮತ್ತೆ ಮೊದಲಿನಿಂದ. ನಡುವೆ ಅವಳು ಕಟ್ಟಿದ ಅನ್ನದುಂಡೆಗಳನ್ನು ಹಂಚಿಕೊಂಡು ತಿನ್ನುತ್ತಿದ್ದರು. ಯಾವಾಗಲೋ 'ನೀವು' ಹೋಗಿ 'ನೀನು' ಆಗಿತ್ತು. ಒಮ್ಮೆ ಅವನು ಅವಳ ಕೈ ಹಿಡಿದ.

"ಮಸಿ ಹತ್ತುತ್ತೆ…"

"ಹತ್ತಲಿ ಬಿಡು."

ಏಪ್ರಿಲ್‌ನಲ್ಲಿ ಪೆಟ್ಟಿಗೆಗಳಿಗೆ ತುಂಬುವ ದಿನ, ಅಂಗಳದಲ್ಲಿ ಅವನು ಫೋನಿನಲ್ಲಿ ಗ್ಯಾಲರಿಯವರೊಂದಿಗೆ ಮಾತಾಡುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

"ಬೇಡ, ಮಿಜುಹೊ ತಾನೇ ಅಚ್ಚು ಕಟ್ಟಿದ್ದನ್ನ ಆ ಹದಿನೇಳರ ಜೊತೆ ಇಡೋಕಾಗಲ್ಲ."

ಅವಳು ಮುಂದಿನದನ್ನು ಕೇಳಲಿಲ್ಲ. ಒಳಗೆ ಬಂದು ಕೊನೆಯ ಪೆಟ್ಟಿಗೆಗೆ ಹಗ್ಗ ಬಿಗಿದಳು. 'ಅಪ್ಪನ ಅಚ್ಚಿನದು ಬೇಕು, ನನ್ನದು ಬೇಡ… ಇವನೂ ಅಷ್ಟೇ.'

"ಹದಿನೆಂಟೂ ಇವೆ. ತಾವು ಒಮ್ಮೆ ನೋಡ್ಕೊಳ್ಳಬೇಕು."

"ತಾವು? ಮಿಜುಹೊ, ಏನಾಯ್ತು?"

"ಗಾಡಿಗೆ ಹೊತ್ತಾಗುತ್ತೆ," ಎಂದು ಬಾಗಿ ನಮಸ್ಕರಿಸಿ ಒಳನಡೆದಳು. ಆಮೇಲೆ ಅವನ ಒಂದು ಕರೆಯನ್ನೂ ಎತ್ತಲಿಲ್ಲ.

ಪ್ರದರ್ಶನದ ದಿನ ಬೆಳಗ್ಗೆ ಅಪ್ಪ ಮನೆಯಲ್ಲಿರಲಿಲ್ಲ. ಮಿಜುಹೊ ಸೆಂದಾಯ್ ರೈಲು ಹತ್ತಿದಳು. ಬೇಡವೆಂದ ಕಡೆ ತನ್ನ ಕೆಟಲ್ ಯಾಕಿರಬೇಕು? ವಾಪಸ್ ತಂದರಾಯಿತು.

ದೊಡ್ಡ ಕೋಣೆಯಲ್ಲಿ ಹದಿನೇಳು ಕೆಟಲ್‌ಗಳು ಪೈನ್ ಮರಗಳ ಗಾಳಿಯಂತೆ ಹಾಡುತ್ತಿದ್ದವು. ತನ್ನದು ಅಲ್ಲಿರಲಿಲ್ಲ. ಒಳಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಒಂದೇ ಒಲೆ. ಅದರ ಮೇಲೆ ಅವಳ ಕೆಟಲ್. ಸುತ್ತ ನಲವತ್ತು ಜನ, ಒಬ್ಬರೂ ಕೆಮ್ಮುತ್ತಿಲ್ಲ. ಆಳದಿಂದ ಎದ್ದ ದನಿ ಮೆಲ್ಲಗೆ ಏರಿ ಸೂರಿನವರೆಗೂ ತುಂಬಿಕೊಳ್ಳುತ್ತಿತ್ತು. ಗೋಡೆಯ ಮೇಲೆ ಬರೆದಿತ್ತು: 'ಕಲಾವಿದೆ: ಮಿಜುಹೊ ಕುದೊ'.

ಮುಂದಿನ ಸಾಲಿನಲ್ಲಿ, ಮದುವೆಗಳಿಗಷ್ಟೇ ತೊಡುವ ಕೋಟಿನಲ್ಲಿ, ಗೆಂಜೊ ಕುಳಿತಿದ್ದರು.

ಅವಳು ಹತ್ತಿರ ಹೋದಾಗ, "ಕೂತ್ಕೋ," ಎಂದರು, ತಿರುಗದೆಯೇ ಹೆಜ್ಜೆಯ ಸಪ್ಪಳದಿಂದ ಗುರುತು ಹಿಡಿದು. ಕೆಟಲಿನಿಂದ ಕಣ್ಣು ತೆಗೆಯದೆ, "ನಲವತ್ತು ವರ್ಷ ಈ ದನೀನ ಹುಡುಕ್ದೆ ಮಗಳೇ. ನಂಗೆ ಸಿಗಲಿಲ್ಲ," ಎಂದರು.

ಅವಳು ತಲೆ ತಗ್ಗಿಸಲಿಲ್ಲ. ಒದ್ದೆ ಕಣ್ಣಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು ತನ್ನ ಕೆಟಲನ್ನು ಕೇಳಿದಳು.

ಹೊರಗೆ ರೆಂಜಿ ಕಾಯುತ್ತಿದ್ದ.

"ಜೊತೆ ಇಡೋಕಾಗಲ್ಲ ಅಂದಿದ್ದು ಕೇಳಿಸ್ಕೊಂಡೆ," ಎಂದಳು.

"ಪೂರ್ತಿ ಕೇಳಿಸ್ಕೋಬೇಕಿತ್ತು. ಇದರ ಪಕ್ಕ ಉಳಿದವನ್ನ ಯಾರೂ ಕೇಳಲ್ಲ, ಬೇರೆ ಕೋಣೆ ಕೊಡಿ ಅಂತ ಜಗಳ ಆಡ್ತಿದ್ದೆ."

"ನಂಗೆ ಹೇಳ್ಬಹುದಿತ್ತು."

"ಇಲ್ಲಿ ನೋಡಿ ಖುಷಿಪಡ್ತೀಯ ಅಂದ್ಕೊಂಡೆ. ದಡ್ಡತನ."

"ಹೂಂ, ದಡ್ಡತನಾನೇ. ನಂದೂ."

ಅವನು ಹತ್ತಿರ ಬಂದ. "ಶನಿವಾರ ಬಂದು ಭಾನುವಾರ ಹೋಗೋದು ಸಾಕಾಗಿದೆ ಮಿಜುಹೊ. ನಿನ್ನನ್ನ ಬಿಟ್ಟು ಇರೋಕಾಗ್ತಿಲ್ಲ. ಮೊರಿಯೊಕಾದಲ್ಲಿ ಮನೆ ಮಾಡ್ತೀನಿ ಅಂತ ನಿಮ್ಮಪ್ಪನ್ನ ಕೇಳ್ದೆ."

"ಏನಂದ್ರು?"

"ಮೊದ್ಲು ಇದ್ದಿಲು ಹೊರೋದು ಕಲಿ ಅಂದ್ರು."

"ಅಪ್ಪನ್ನ ಕೇಳ್ದೆ. ನನ್ನನ್ನ?"

"ಈಗ ಕೇಳ್ತಿದೀನಿ."

ಅವಳು ಅವನ ಬೆರಳುಗಳನ್ನು ತನ್ನ ಒರಟು ಅಂಗೈಯೊಳಗೆ ಸೇರಿಸಿಕೊಂಡಳು.

"ಬಾ. ಕುಲುಮೆ ಬೆಳಗ್ಗೆ ಆರಕ್ಕೇ ಹೊತ್ತಿಸ್ತೀವಿ. ತಡ ಮಾಡ್ಬೇಡ."