ಕೆಂಪು ಗೀಟು ಬಿದ್ದ ಚಪ್ಪಡಿ

"ಕನ್ನಡಕ ಹಾಕ್ಕೋರಿ. ಇಲ್ಲಾಂದ್ರ ಕಣ್ಣಿಗಿ ಅಪಾಯ."

"ನಾ ಕಲ್ಲ ನೋಡೂದು ಕಿವೀಲೆ. ಕಣ್ಣಿನ ಚಿಂತಿ ನೀವ ಮಾಡ್ಕೋರಿ!"

ಹಾಗೆಂದರೂ ಸುರೇಖಾ ಕನ್ನಡಕವನ್ನು ಕಿತ್ತುಕೊಂಡು ಹಾಕಿಕೊಂಡಳು. ಇಳಕಲ್ಲಿನ ಗೌಸಸಾಬರ ಗ್ರಾನೈಟ್ ಕಾರ್ಖಾನೆಯಲ್ಲಿ ಅವಳೂ ಧರ್ಮರಾಜನೂ ಆಡಿದ ಮೊದಲ ಮಾತು ಅದು.

ನವನಗರದ ಕಾಲೇಜೊಂದರ ಪ್ರಯೋಗಾಲಯದಿಂದ ಎರಡು ದಿನದ ಕೆಲಸಕ್ಕೆ ಲೇಸರ್ ಯಂತ್ರ ತಂದಿದ್ದ ಅವನು. ಇಸ್ತ್ರಿ ಮಾಡಿದ ಅಂಗಿ, ಧೂಳು ಕಾಣದ ಬೂಟು! ಕಲ್ಲಿನ ಧೂಳಿಗೆ ಬೀಗರ ಮನೆಗೆ ಬಂದಂತೆ ಬಂದಿದ್ದಾನಲ್ಲ...

ಚಪ್ಪಡಿಯನ್ನು ಸುತ್ತಿಗೆಯಿಂದ ಬಡಿದು, ದನಿ ಕೇಳಿ, ಒಳಗಿನ ಬಿರುಕು ಹೇಳುವುದು ಅವಳ ಕೆಲಸ. ಅಪ್ಪ ಮಾಳಪ್ಪ ಕಲಿಸಿದ್ದು. ಬಿ.ಎಸ್ಸಿ. ಓದಿದರೂ ಅವಳಿಗೆ ಅದಕ್ಕಿಂತ ದೊಡ್ಡ ವಿದ್ಯೆ ಕಂಡಿರಲಿಲ್ಲ. ಈಗ ಅದನ್ನೇ ಕಿತ್ತುಕೊಳ್ಳಲು ಈ ಬೂಟಿನವನು!

"ಏನ್ ಮಾಡ್ತೈತ್ರಿ ನಿಮ್ಮ ಟಾರ್ಚು?"

"ಒಂದು ಲೇಸರ್ ಕಲ್ಲನ್ನ ಒಂದ ಕ್ಷಣ ಕಾಯಿಸ್ತೈತಿ. ಕಾದ ಜಾಗಾ ಉಬ್ಬಿ, ಅಲ್ಲಿಂದ ಕೆರಿ ನೀರಾಗ ಎದ್ದಂಗ ಸಣ್ಣ ಅಲಿ ಏಳತೈತಿ. ಕಲ್ಲಿನ ಮೈಮ್ಯಾಲಷ್ಟ ಓಡತೈತಿ. ಇನ್ನೊಂದು ಲೇಸರ್ ಅದನ್ನ ದೂರದಿಂದನ ಹಿಡೀತೈತಿ. ನಡುವ ಬಿರುಕಿದ್ರ ಅಲಿ ಸೊರಗತೈತಿ."

"ಅಯ್ಯ! ಮುಟ್ಟೂದಿಲ್ಲ, ಬಡಿಯೂದಿಲ್ಲ... ಕಲ್ಲಿಗೆ ದೃಷ್ಟಿ ತಗ್ಯಾಕ ಬಂದೀರೇನು?"

ಕೆಲಸಗಾರರು ನಕ್ಕರು. ಅವನೂ ನಕ್ಕ. ಬೈಸಿಕೊಂಡೂ ನಗುವ ಗಂಡಸನ್ನು ನಂಬುವುದು ಹೇಗೆ?

ಮೂರು ತಿಂಗಳು ಕಳೆದರೂ ಅವನು ವಾರಕ್ಕೊಮ್ಮೆ ಬರುತ್ತಲೇ ಇದ್ದ. ಅವಳು ಬೈಯುತ್ತಲೇ ಇದ್ದಳು.

ಅಂದು ಕಲ್ಲು ಕೊಳ್ಳುವವರು ಬರುವವರಿದ್ದರು. ಬಣ್ಣ ಎದ್ದು ಕಾಣಲೆಂದು ಎಂದಿನಂತೆ ಚಪ್ಪಡಿಗಳಿಗೆ ನೀರು ಎರಚಿದ್ದರು. ಅವಳು ಆಗಲೇ ಬಡಿದು ಒಪ್ಪಿದ್ದ ಒಂದು ಚಪ್ಪಡಿಯನ್ನು ಧರ್ಮರಾಜ ಯಂತ್ರದಿಂದ ಅಳೆದು, ಅದರ ಮೇಲೆ ಕೆಂಪು ಗೀಟು ಎಳೆದ. ಬಿರುಕು!

ಗೌಸಸಾಬರು ಮುಖ ಗಂಟಿಕ್ಕಿದರು. "ಸುರೇಖಾ, ನಾಳಿಂದ ನೀ ಬಡಿಯೂದು ಬ್ಯಾಡವ್ವ. ಮಷೀನ ಸಾಕು."

ಅವಳು ಆ ಚಪ್ಪಡಿಯ ಬಳಿಗೇ ನಡೆದಳು. ಸುತ್ತಿಗೆ ಎತ್ತಿ ಬಡಿದಳು. ಟಣ್! ಗಂಟೆಯಂಥ ದನಿ. ಆಗಲೇ ಕಲ್ಲಿನ ಮೇಲೆ ನೀರು ಮಿನುಗಿದ್ದು ಕಂಡಿತು.

"ಮಾಸ್ತರ, ನಿಮ್ಮ ಅಲಿ ಮೈಮ್ಯಾಲಷ್ಟ ಓಡತೈತಿ ಅಂದ್ರಲ್ಲ? ಮೈಮ್ಯಾಲ ನೀರಿದ್ರ?"

ಅವನು ಕಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದ. "ನೀರಿದ್ರೂ ಅಲಿ ಸೊರಗತೈತ್ರಿ." ಅವಳು ಅರಿವೆಯಿಂದ ಒರೆಸಿದಳು. ಒಣಗಿದ ಮೇಲೆ ಅವನು ಮತ್ತೆ ಅಳೆದ. ಯಂತ್ರದ ಪರದೆಯ ಮೇಲೆ ಅಲೆ ಪೂರ್ತಿ ಎದ್ದು ನಿಂತಿತು; ಬಿರುಕೇ ಇರಲಿಲ್ಲ!

"ಇಷ್ಟ ಓದೀರಿ, ಕಲ್ಲ ಹಸಿ ಐತೋ ಒಣಗೈತೋ ನೋಡಲಿಲ್ಲ! ನಮ್ಮೂರ ಕಾಗಿನೂ ನೋಡಿ ಕುಂದರತೈತಿ!"

ನೆಪ ಹೇಳುತ್ತಾನೆ ಎಂದು ಕಾದಳು. ಅವನು ಇಸ್ತ್ರಿ ಮಾಡಿದ ಅಂಗಿಯ ತೋಳಿನಿಂದಲೇ ಕೆಂಪು ಗೀಟು ಒರೆಸಿದ.

"ತಪ್ಪು ನಂದ್ರಿ, ಸಾವಕಾರ್ರ. ಮೈ ನೋಡೂದಷ್ಟ ಮಷೀನು, ಒಳಗಿಂದು ಇವರ ಸುತ್ತಿಗಿನ ಹೇಳಬೇಕು. ಮೊದಲನೇ ದಿನಾನ ಬರದ ಕೊಟ್ಟೇನಿ."

ಗೌಸಸಾಬರು ಓದದೇ ಡ್ರಾಯರಿಗೆ ಹಾಕಿದ್ದ ಕಾಗದ ತೆಗೆದರು. 'ಸುರೇಖಾ ಅವರಿಲ್ಲದೆ ಈ ಯಂತ್ರ ಬಳಸಬಾರದು.' ಅವಳು ಅವನ ಯಂತ್ರವನ್ನು ಟಾರ್ಚು ಎಂದ ದಿನದ್ದೇ ತಾರೀಖು!

"ಹಂಗಾದ್ರ ಇಬ್ಬರೂ ಇರ್ರಿ," ಎಂದು ಅವರು ಮೆಲ್ಲಗೆ ಅಲ್ಲಿಂದ ಸರಿದರು.

"ಇದನ್ನ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬೈಯೂದು ಬಿಡ್ತಿದ್ರಿ... ಮಷೀನಿನ ಕೆಲಸ ಎರಡ ದಿನಕ್ಕ ಮುಗದಿತ್ರಿ. ಆಮ್ಯಾಲ ಬಂದಿದ್ದು ನಿಮ್ಮ ಸಲುವಾಗಿ."

ಅವಳು ತನ್ನ ಕನ್ನಡಕ ಮುಟ್ಟಿಕೊಂಡಳು. "ಲೇಸರ್ ಆರಸ್ರಿ."

ಆರಿಸಿದ. ಇಬ್ಬರೂ ಕನ್ನಡಕ ತೆಗೆದರು.

"ಈಗ ನನ್ನ ನೋಡಿ ಹೇಳ್ರಿ."

"ನಿಮ್ಮ ಸಲುವಾಗಿ ಬಂದೇನಿ, ಸುರೇಖಾ."

ಬೈಯಲು ಮಾತು ಹುಡುಕಿದಳು. ಸಿಕ್ಕಿದ್ದು ಒಂದೇ.

"ಆ ಬೂಟ ಹಾಕ್ಕೊಂಡ ನಮ್ಮನಿಗೆ ಬರಬ್ಯಾಡ್ರಿ. ಅಪ್ಪ ನಗ್ತಾನ."

"ಯಾವಾಗ ಬರ್ಲಿ?"

"ಐತವಾರ."