ಹಿಂದಿನ ಗಾಡಿ ಕಾಣುವವರೆಗೆ

"ಚಕ್ರ ನೋಡಬೇಡ. ನನ್ನ ಕೈ ನೋಡು."

ಆ ದನಿ ಕೇಳಿದ್ದೇ ತಡ, ಮಾರ್ಲಾಳ ಕಾಲು ಬ್ರೇಕಿನ ಮೇಲೆ ಬಿಗಿಯಾಯಿತು. ಜೀಪಿನ ಮುಂದೆ ಎದೆಯೆತ್ತರದ ಕೆಂಪು ಬಂಡೆಯ ಇಳಿಜಾರು, ಎಡಕ್ಕೆ ಕಣಿವೆ. ಕೆಳಗೆ ತನ್ನ ಜೀಪು ನಿಲ್ಲಿಸಿ, ದಾರಿ ತೋರಿಸಲು ಕೈಯೆತ್ತಿ ನಿಂತವನು... ಥೇನ್.

ಮೂರು ವರ್ಷದ ಹಿಂದೆ ಅವನು ತೊಡಿಸಿದ್ದ ನಿಶ್ಚಿತಾರ್ಥದ ಉಂಗುರ ಬಿಚ್ಚಿ ಅವನ ತಾಯಿಯ ಕೈಗಿಟ್ಟು ಬಂದವಳು ಇವಳು.

"ಆರ್ಡೆನ್ ಚಿಕ್ಕಪ್ಪ ಎಲ್ಲಿ? ಬಂಡೆ ಹತ್ರ ಸಿಗ್ತೀನಿ ಅಂದಿದ್ರು."

"ಮಂಡಿನೋವಂತೆ. ನನ್ನ ಕಳಿಸಿದ್ರು."

"ನಿನ್ನೆ ಮದುವೆ ಮನೇಲಿ ಕುಣೀತಿದ್ರು."

"ಅದಕ್ಕೇ ಬಂದಿರಬೇಕು ನೋವು."

ಚಳಿಗಾಲ ಮುಗಿದೊಡನೆ ದಾರಿ ಹೇಗಿದೆಯೆಂದು ನೋಡಿಬರುವುದು ಮರಳುಗಾಡಿನ ಮೋಆಬ್ ಊರಿನ ಜೀಪಿನವರ ರೂಢಿ. ಒಂಟಿ ಗಾಡಿ ಹೋಗುವಂತಿಲ್ಲ.

"ನಂಬಿಕೆ ಇಲ್ದಿದ್ರೆ ವಾಪಸ್ ಹೋಗೋಣ," ಅಂದ ಥೇನ್, ಮೆಲ್ಲಗೆ.

ಅವಳು ಬ್ರೇಕ್ ಬಿಟ್ಟಳು. ಅವನ ಬೆರಳುಗಳು ಎಡಕ್ಕೆ, ಇನ್ನೊಂದು ಚೂರು, ನಿಲ್ಲು... ಚಕ್ರ ಧಡಕ್ಕನೆ ಇಳಿದು ಮರಳು ಮುಟ್ಟಿತು.

ಮಧ್ಯಾಹ್ನ ಜುನಿಪರ್ ಮರದ ನೆರಳಲ್ಲಿ ಊಟ. ತನ್ನ ಬ್ರೆಡ್ಡಿನೊಳಗಿನ ಸೌತೆ ಉಪ್ಪಿನಕಾಯಿಯನ್ನೆಲ್ಲ ತೆಗೆದು ಅವನು ಅವಳ ಡಬ್ಬಿಯ ಮುಚ್ಚಳದಲ್ಲಿಟ್ಟ, ಕೇಳದೆಯೇ. ಇನ್ನೂ ನೆನಪಿದೆಯಾ ಇವನಿಗೆ? ಅವಳಿಗೆ ಅದೇ ಸಿಟ್ಟು ತರಿಸಿತು.

"ಅವತ್ತು ಯಾಕೆ ಕಾಯ್ಲಿಲ್ಲ?"

ಕವಲು ಬಂದಾಗ ಹಿಂದಿನ ಗಾಡಿ ಕಾಣುವವರೆಗೆ ಮುಂದಿನವನು ಕದಲಬಾರದು. ಮೂರು ವರ್ಷದ ಹಿಂದೆ ಅವಳು ಪಂಚರ್ ಹಾಕಿಕೊಂಡು ಬರುವಷ್ಟರಲ್ಲಿ ಕವಲಿನಲ್ಲಿ ಯಾರೂ ಇರಲಿಲ್ಲ. ತಪ್ಪು ದಾರಿ ಹಿಡಿದು, ಬೆಳಗಿನವರೆಗೆ ಕಣಿವೆಯಲ್ಲಿ ಒಬ್ಬಳೇ ಕಳೆದಿದ್ದಳು.

"ಕಾದಿದ್ದೆ. ಧೂಳಲ್ಲಿ, ಗಾಡಿ ಕನ್ನಡೀಲಿ, ಕೆಂಪು ಜೀಪು ಕಾಣ್ತು. ನಿಂದೇ ಅಂದ್ಕೊಂಡು ಹೊರಟೆ. ಹನ್ನೆರಡು ಮೈಲಿ ಆದ್ಮೇಲೆ ನಿಂತು ನೋಡಿದ್ರೆ ಅದರಲ್ಲಿ ಯಾರೋ ಮುದುಕ, ಅವನ ನಾಯಿ."

ಅವಳಿಗೆ ನಗು ಬಂತು. ಮರುಗಳಿಗೆ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದಳು.

"ಯಾಕೆ ಹೇಳ್ಲಿಲ್ಲ ಇದನ್ನ?"

"ತಿರುಗಿ ಬರೋಷ್ಟರಲ್ಲಿ ನೀನು ಕವಲು ದಾಟಿದ್ದೆ. ರಾತ್ರಿಯಿಡೀ ಒಬ್ಬಳೇ ಇದ್ದವಳಿಗೆ ಕನ್ನಡಿ ಮೇಲೆ ತಪ್ಪು ಹಾಕಿ ಏನಂತ ಹೇಳ್ಲಿ? ಇಳಿದು ನೋಡ್ಬೇಕಿತ್ತು. ನೋಡ್ಲಿಲ್ಲ."

ಮೂರು ವರ್ಷ ಹೊತ್ತ ಕೋಪ ಒಂದು ಮಾತಿಗೆ ಇಳಿಯುವಂಥದ್ದಲ್ಲ. ಅವಳು ಡಬ್ಬಿ ಮುಚ್ಚಿ ಎದ್ದಳು.

ಮುಂದೆ ಅದೇ ಕವಲು. ಅದಕ್ಕೆ ಮುಂಚಿನ ತಿರುವಿನಲ್ಲೇ ಅವಳು ಎಂಜಿನ್ ಆರಿಸಿ ಕೂತಳು. ಮುಂದೆ ಹೋದ ಅವನ ಗಾಡಿಯ ಧೂಳು ಇಳಿಯಿತು. ಹತ್ತು ನಿಮಿಷ... ಹದಿನೈದು... ಹೋಗಿಬಿಟ್ಟನಾ?

ಮರಳಿನ ಮೇಲೆ ಹೆಜ್ಜೆ ಸದ್ದು. ಥೇನ್ ಬೆವರುತ್ತ ಬಂದು ಕಿಟಕಿಯಲ್ಲಿ ಬಗ್ಗಿ ಅವಳ ಮುಖ ನೋಡಿದ.

"ಪಂಚರಾ?"

"ಇಲ್ಲ. ನೀನು ಕಾಯ್ತೀಯೋ ಇಲ್ವೋ ಅಂತ." ಅವಳು ಅವನ ಧೂಳು ಹಿಡಿದ ಬೂಟು ನೋಡಿದಳು. "ನಡ್ಕೊಂಡೇ ಬಂದ್ಯಾ?"

"ಅವತ್ತಿಂದ ಕನ್ನಡಿ ನಂಬಲ್ಲ. ಯಾರ ಗಾಡಿಯಾದ್ರೂ ಹಿಂದೆ ಬಂದು ಮುಖ ನೋಡೇ ಹೊರಡೋದು. ಊರಿನೋರು ನಗ್ತಾರೆ."

ಅವಳು ಪಕ್ಕದ ಬಾಗಿಲು ತಳ್ಳಿದಳು. "ಹತ್ತು. ನಿನ್ನ ಗಾಡಿವರೆಗೂ ಬಿಡ್ತೀನಿ."

ಅವನು ಹತ್ತಿ ಕೂತ. ಅವಳು ಎಂಜಿನ್ ಚಾಲೂ ಮಾಡಿದಳು.

"ಉಂಗುರ ಇನ್ನೂ ಅಮ್ಮನ ಹತ್ರನೇ ಇದೆ," ಅಂದ.

"ಇರ್ಲಿ. ಸಂಜೆ ನಾನೇ ಬಂದು ಕೇಳ್ತೀನಿ."