ಅವಸರಕ್ಕೆ ಬಂದ ಹೂ

"ಅಯ್ಯೋ, ಅದನ್ನ ನೆಡಬೇಡ್ರೀ!"

ದನಿ ಬಂದದ್ದು ತಲೆಯ ಮೇಲಿಂದ. ಶಿಹೋ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಈರುಳ್ಳಿ ಸಸಿಗಳು ಮಡಿಲಿಗೆ ಚೆಲ್ಲಿದವು.

ಈರುಳ್ಳಿ ಒಣಹಾಕುವ ಕೊಟ್ಟಿಗೆಯ ಮಾಡಿನಿಂದ ಒಂದು ಮುಖ ಇಣುಕುತ್ತಿತ್ತು. ಗಾಳಿಮಳೆಗೆ ಹಾರಿಹೋಗಿದ್ದ ಹೆಂಚು ಹೊದಿಸಲು ಅಂದು ಬೆಳಿಗ್ಗೆಯಷ್ಟೇ ಬಂದಿದ್ದ ಕನಾಮೆ.

"ಅಷ್ಟು ದಪ್ಪ ಸಸಿ ನೆಟ್ರೆ ಗೆಡ್ಡೆ ಕಟ್ಟಲ್ಲ. ಚಳಿ ಮುಗಿಯೋದೇ ತಡ, ಹೂ ಬಿಟ್ಟುಬಿಡುತ್ತೆ!"

ಶಿಹೋಗೆ ಸಿಟ್ಟು ನೆತ್ತಿಗೇರಿತು.

"ನಾನು ಈ ಅವಾಜಿ ದ್ವೀಪದಲ್ಲಿ ಈರುಳ್ಳಿ ಬೆಳೆಯೋರ ಮನೇಲೇ ಹುಟ್ಟಿದೋಳು! ಪೆನ್ಸಿಲ್‌ಗಿಂತ ದಪ್ಪ ಇದ್ದದ್ದನ್ನ ಎಸೆಯೋಕೇ ಆರಿಸ್ತಾ ಇದ್ದೀನಿ. ನಿಮ್ಮ ಹೆಂಚು ನೀವು ನೋಡ್ಕೊಳ್ಳಿ!"

ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು... ನಮ್ಮಮ್ಮನೂ ಹೀಗೇ ಬೈತಿದ್ರು."

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಶರತ್ಕಾಲದ ಆ ದಿನಗಳಲ್ಲಿ ಅವನು ಮೇಲೆ, ಅವಳು ಕೆಳಗೆ. ಹೆಚ್ಚು ಮಾತಿರಲಿಲ್ಲ. ಹೆಂಚಿನ ಮೇಲೆ ಹೆಂಚು ಕೂರುವ ಸದ್ದು ಸ್ವಲ್ಪ ಹೊತ್ತು ನಿಂತರೆ ಅವಳು ತಲೆಯೆತ್ತುತ್ತಿದ್ದಳು. ಅವನು ಇತ್ತಲೇ ನೋಡುತ್ತಿರುತ್ತಿದ್ದ! ಇಬ್ಬರೂ ಮತ್ತೆ ತಮ್ಮ ತಮ್ಮ ಕೆಲಸಕ್ಕೆ ಬಗ್ಗುತ್ತಿದ್ದರು.

ಕೊನೆಯ ದಿನ ಅವನು ಹೊಲದ ಬದುವಿಗೆ ಬಂದ. ಶಿಹೋ, ಅವಳ ಅಜ್ಜಿ ಮತ್ತು ನೆರೆಮನೆಯ ಹೆಂಗಸರು ಸಾಲು ಹಿಡಿದು ಸಸಿ ನೆಡುತ್ತಿದ್ದರು.

"ಚಳಿಗಾಲ ಪೂರ್ತಿ ನಾರಾ ಪಟ್ಟಣದಲ್ಲಿ ಕೆಲಸ, ಒಂದು ದೇವಾಲಯದ ಮಾಡು. ಶಿಹೋ ಸಾನ್... ಮೊದಲ ಈರುಳ್ಳಿ ಕೀಳೋವಾಗ ನಾನು ಬರಲಾ?"

ಸಾಲಿನಲ್ಲಿ ಎಲ್ಲ ಕೈಗಳೂ ನಿಂತವು. ಬೇರೆ ಮನೆಯ ಹುಡುಗ ಮೊದಲ ಈರುಳ್ಳಿ ಕೀಳಲು ಬರುತ್ತಾನೆಂದರೆ ಅದು ಹೆಣ್ಣು ಕೇಳಿದ ಹಾಗೆ ಎಂದು ಆ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಯಾರೋ ಕಿಸಕ್ಕನೆ ನಕ್ಕರು.

ಶಿಹೋಳ ಮುಖಕ್ಕೆ ಬೆಂಕಿ ತಾಗಿದಂತಾಯಿತು. "ಕೀಳೋಕೆ ಜನ ಇದ್ದಾರೆ" ಎಂದುಬಿಟ್ಟಳು.

ಅವನು ತಲೆಬಾಗಿ ನಮಸ್ಕರಿಸಿದ. ಬಸ್ಸಿನತ್ತ ನಡೆದ. ತಿರುಗಿ ನೋಡಲಿಲ್ಲ.

ನಾನು ಹೇಳಬೇಕಿದ್ದದ್ದು ಅದಲ್ಲ... ಅದಲ್ಲವೇ ಅಲ್ಲ!

ಸಂಜೆ ಎಲ್ಲರೂ ಹೋದ ಮೇಲೆ ಅವಳು ಕಸದ ಗುಡ್ಡೆಯ ಹತ್ತಿರ ಹೋದಳು. ಆರಿಸಿ ಎಸೆದಿದ್ದ ದಪ್ಪ ಸಸಿಗಳು ಇನ್ನೂ ಹಸಿರಾಗಿದ್ದವು. ಇವು ಬೇಗ ಬಲಿಯುತ್ತವೆ. ಒಂದಾದರೂ ಹೂ ಬಿಡದೆ ಗೆಡ್ಡೆ ಕಟ್ಟಿದರೆ, ಎಲ್ಲರಿಗಿಂತ ಮೊದಲು ಕೀಳೋಣ ಬನ್ನಿ ಎಂದು ಅವನನ್ನು ಕರೆಯಲು ಒಂದು ನೆಪ ಸಿಗುತ್ತದೆ. ಆಗದ ಮಾತು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕೊಟ್ಟಿಗೆಯ ಪಕ್ಕ, ಅವನು ಹೊದಿಸಿದ ಹೆಂಚಿನ ನೆರಳಿನಲ್ಲಿ, ಒಂದು ಸಾಲು ನೆಟ್ಟಳು.

ಚಳಿ ಬಂತು. ಸಮುದ್ರದ ಗಾಳಿ ಎಲೆಗಳನ್ನು ನೆಲಕ್ಕೆ ಒತ್ತಿ ಹೋಯಿತು. ಅವನ ಫೋನ್ ನಂಬರ್ ಅವಳ ಹತ್ತಿರ ಇತ್ತು. ಎಷ್ಟೋ ಸಲ ತೆಗೆದು ನೋಡಿದಳು. ಏನೆಂದು ಹೇಳುವುದು? ಅಷ್ಟು ಜನರ ಮುಂದೆ ಬೇಡ ಎಂದವಳು, ಈಗ ಯಾವ ಬಾಯಲ್ಲಿ ಬಾ ಎನ್ನುವುದು? ಕೊಟ್ಟಿಗೆಯಲ್ಲಿ ನಿಂತು ಮಾಡನ್ನು ನೋಡುತ್ತಿದ್ದಳು. ಮಳೆ ಬಂದರೂ ಒಂದು ಹನಿ ಸೋರುತ್ತಿರಲಿಲ್ಲ. ಅದೂ ಒಂದು ದುಃಖವೇ ಆಗಿತ್ತು... ಸೋರಿದ್ದರೆ ಕರೆಯಬಹುದಿತ್ತಲ್ಲ!

ಮಾರ್ಚ್ ತಿಂಗಳಲ್ಲಿ ಆ ಸಾಲು ಪೂರ್ತಿ ದಂಟು ಎತ್ತಿತು. ಒಂದೂ ಗೆಡ್ಡೆ ಕಟ್ಟಿರಲಿಲ್ಲ. ತುದಿಯಲ್ಲಿ ಬಿಳಿ ಪೊರೆ ಹೊದ್ದ ಮೊಗ್ಗುಗಳು, ಊರಿಗೆಲ್ಲ ಕಾಣುವಂತೆ ನೆಟ್ಟಗೆ ನಿಂತಿದ್ದವು.

ಶಿಹೋ ಸರಸರನೆ ಕೀಳತೊಡಗಿದಳು.

"ಯಾರಿಗೆ ಕಾಣಬಾರ್ದು ಅಂತ ಕೀಳ್ತಿದ್ದೀಯೇ?" ಹಿಂದೆ ಅಜ್ಜಿ ನಿಂತಿದ್ದಳು. "ಆವತ್ತು ಕಸದಿಂದ ಆರಿಸೋವಾಗ್ಲೇ ನೋಡಿದ್ದೆ. ಸುಮ್ಮನಿದ್ದೆ."

"ಯಾಕಜ್ಜಿ ಬೈಲಿಲ್ಲ?"

"ಬೈದಿದ್ರೆ ಕೇಳ್ತಿದ್ಯಾ?" ಅಜ್ಜಿ ಒಂದು ಮೊಗ್ಗನ್ನು ಮೂಗಿಗೆ ಹಿಡಿದಳು. "ಹಿಟ್ಟಲ್ಲಿ ಅದ್ದಿ ಕರಿದ್ರೆ ಏನು ರುಚಿ ಗೊತ್ತಾ! ನಾರಾದಲ್ಲಿ ಇದು ಸಿಗುತ್ತೋ ಇಲ್ವೋ, ಪಾಪ."

ಶಿಹೋ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸಮುದ್ರದ ಕಡೆ ನೋಡುತ್ತಿದ್ದಳು.

ಅಂದೇ, ಕನಾಮೆಯನ್ನು ಕೆಲಸಕ್ಕೆ ಕಳಿಸಿದ್ದ ಹೆಂಚಿನ ಅಂಗಡಿಯ ಯಜಮಾನನ ಬಳಿ ಅವನ ನಾರಾ ವಿಳಾಸ ಕೇಳಿಕೊಂಡು, ಮೊಗ್ಗಿನ ದಂಟುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ ಕಳಿಸಿದಳು. ಒಂದಕ್ಷರ ಬರೆಯಲಿಲ್ಲ. ಬರೆಯಲು ಏನೂ ಹೊಳೆಯಲಿಲ್ಲ.

ವಾರ ಕಳೆಯುವ ಮೊದಲೇ, ಕೊಟ್ಟಿಗೆಯ ಪಕ್ಕ ಉಳಿದ ದಂಟುಗಳ ನಡುವೆ ಅವಳು ಕೂತಿದ್ದಾಗ, ಒಂದು ನೆರಳು ಬಿತ್ತು.

"ಶಿಹೋ ಸಾನ್."

ಕನಾಮೆ! ಮೈಮೇಲೆ ಕೆಲಸದ ಬಟ್ಟೆ, ಮೊಣಕಾಲಲ್ಲಿ ಹೆಂಚಿನ ಧೂಳು.

"ಪೆಟ್ಟಿಗೆ ಬಂತು" ಎಂದ ಅವನು. "ಜೊತೆಯವರೆಲ್ಲ ನಕ್ಕರು. ಪಾಪ, ಗೊತ್ತಿಲ್ದೆ ದಪ್ಪ ಸಸಿ ನೆಟ್ಟಿರಬೇಕು ಅಂದ್ರು." ಅವನು ಬಗ್ಗಿ ಒಂದು ದಂಟನ್ನು ಮುಟ್ಟಿದ. "ಆದ್ರೆ ನಿಮಗೆ ಗೊತ್ತಿತ್ತು. ಅದಕ್ಕೇ ನನ್ನ ಮೇಲೆ ಸಿಟ್ಟಾಗಿದ್ರಿ. ಗೊತ್ತಿದ್ದೂ ಯಾಕೆ ನೆಟ್ರಿ?"

ಅವಳ ಕಣ್ಣು ತುಂಬಿತು.

"ಮೊದಲ ಈರುಳ್ಳಿ ಬೇಗ ಬರ್ಲಿ ಅಂತ..."

"ಕೀಳೋಕೆ ಜನ ಇದ್ದಾರೆ ಅಂದಿದ್ರಲ್ಲ?"

"ಕೀಳೋಕೆ ಇದ್ದಾರೆ." ಶಿಹೋ ತಲೆಯೆತ್ತಿದಳು. "ಕಾಯೋಕೆ ನಾನೊಬ್ಬಳೇ ಇದ್ದೆ."

ಅವನು ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು, ಅವಳ ಮಣ್ಣಾದ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ.

"ಎಣ್ಣೆ ಕಾದಿದೆ ಕಣ್ರೋ!" ಒಳಗಿನಿಂದ ಅಜ್ಜಿ ಕೂಗಿದಳು. "ಮೊಗ್ಗು ತರ್ತೀರೋ, ಸಂಜೆವರೆಗೂ ಅಲ್ಲೇ ಕೂರ್ತೀರೋ?"

ಇಬ್ಬರೂ ನಕ್ಕರು. ಕೈ ಮಾತ್ರ ಬಿಡಲಿಲ್ಲ.

"ಮುಂದಿನ ಸಲ ಸಸಿ ನಾವಿಬ್ರೂ ಆರಿಸೋಣ" ಎಂದ ಕನಾಮೆ. "ಸಣ್ಣ ಸಣ್ಣದೇ."

"ತಡವಾಗಿ ಬಲಿಯುತ್ತಲ್ಲ?"

"ಬಲೀಲಿ ಬಿಡಿ. ನಾನು ಇಲ್ಲೇ ಇರ್ತೀನಲ್ಲ."